ಡಿಸೆಕ್ಷನ್ ವಿಡಿಯೊದಲ್ಲಿ ಓಡುವ ಪಟ್ಟಿಗಳು, ಚಿತ್ರದಿಂದ ತಪ್ಪುವ ಮಾತು

ಪ್ರಶ್ನೆ (ಅಂಗರಚನಾಶಾಸ್ತ್ರ ಬೋಧಕಿ):
ಮೊದಲ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳಿಗಾಗಿ ಆಕ್ಸಿಲ್ಲಾದ (ಕಂಕುಳಿನ) ಡಿಸೆಕ್ಷನ್, ಅಂದರೆ ಮೃತದೇಹವನ್ನು ಬಿಡಿಸಿ ತೋರಿಸುವುದನ್ನು, ಚಿತ್ರೀಕರಿಸಿದ್ದೇವೆ. ಮೇಜಿನ ಮೇಲ್ಗಡೆ ಮೊಬೈಲ್ ಕಟ್ಟಿ, ಕಾಲರ್ ಮೈಕನ್ನು ಅದಕ್ಕೇ ಜೋಡಿಸಿದ್ದೆವು. ಚಿತ್ರದ ಉದ್ದಕ್ಕೂ ಕಪ್ಪು ಪಟ್ಟಿಗಳು ಓಡುತ್ತಿವೆ. ಎಡಿಟಿಂಗ್ ತಂತ್ರಾಂಶಕ್ಕೆ ಹಾಕಿದರೆ ಮೊದಲು ಸರಿಯಿರುವ ಮಾತು ಹೋಗುತ್ತಾ ಹೋಗುತ್ತಾ ಚಿತ್ರದಿಂದ ತಪ್ಪುತ್ತದೆ. ಕೊನೆಯಲ್ಲಿ ನಾನು ‘ಅಲ್ನರ್’ ನರ ಎನ್ನುವಾಗ ಫೋರ್ಸೆಪ್ಸ್ (ಚಿಮಟ) ಮೀಡಿಯನ್ ನರವನ್ನು ಹಿಡಿದಿರುತ್ತದೆ. ಆ ದೇಹದಲ್ಲಿ ಅದೇ ಭಾಗವನ್ನು ಮತ್ತೆ ಬಿಡಿಸಲಾಗದು. ಇದನ್ನೇ ಉಳಿಸಿಕೊಳ್ಳುವ ದಾರಿ ಇದೆಯೇ?

ಉತ್ತರ (ಕಾಲೇಜೊಂದರ ವಿಡಿಯೊ ವಿಭಾಗದವರು):
ಇದೆ ಮೇಡಂ. ಮೊದಲು ಮಾತನ್ನು ಸರಿಮಾಡಿ, ಏಕೆಂದರೆ ಮಕ್ಕಳಿಗೆ ತಪ್ಪು ನರವನ್ನು ಕಲಿಸುವುದು ಅದು. ಮೂಲ ಫೈಲನ್ನು ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್‌ನಲ್ಲಿ ಕೊನೆಯವರೆಗೆ ನೋಡಿ. ಅಲ್ಲಿ ಸರಿಯಿದ್ದು ಎಡಿಟಿಂಗ್‌ನಲ್ಲಿ ಮಾತ್ರ ತಪ್ಪಿದರೆ, ಫ್ರೇಮ್‌ಗಳ (ವಿಡಿಯೊದ ಬಿಡಿ ಚಿತ್ರಗಳ) ಅಂತರ ಏರುಪೇರಾಗಿದೆ ಎಂದೇ ಅರ್ಥ. ಬೆಳಕು ಕಡಿಮೆಯಾದಾಗ ಮೊಬೈಲ್ ತಾನಾಗಿಯೇ ಫ್ರೇಮ್‌ಗಳ ಸಂಖ್ಯೆಯನ್ನು ಇಳಿಸುತ್ತದೆ. ಎಡಿಟಿಂಗ್ ತಂತ್ರಾಂಶವೋ ಅಂತರ ಸಮವಾಗಿದೆ ಎಂದೇ ಲೆಕ್ಕ ಹಾಕುತ್ತದೆ. ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೊ ತಂತ್ರಾಂಶದಲ್ಲಿ ಫ್ರೇಮ್ ರೇಟ್ ಮೋಡ್ ‘ವೇರಿಯಬಲ್’ (ಬದಲಾಗುವ) ಎಂದಿದ್ದರೆ ಅನುಮಾನವೇ ಬೇಡ. ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ (ಸಮ ಅಂತರ) ಆರಿಸಿ ಹೊಸ ಫೈಲ್ ಮಾಡಿಕೊಂಡು, ಎಡಿಟಿಂಗನ್ನು ಅದರಿಂದಲೇ ಶುರುಮಾಡಿ. ಮೂಲವನ್ನು ಅಳಿಸಬೇಡಿ.

ಪಟ್ಟಿಗಳು ಬಂದದ್ದು ದೀಪಗಳಿಂದ. ನಮ್ಮ ವಿದ್ಯುತ್ 50 ಹರ್ಟ್ಸ್, ಆದ್ದರಿಂದ ಹಳೆಯ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಮೊಬೈಲ್ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ, ಷಟರ್ 1/60 ಸೆಕೆಂಡಿನಂತಹ ವೇಗದಲ್ಲಿದ್ದರೆ ಕೆಲವು ಸಾಲುಗಳಿಗೆ ಬೆಳಕು ಹೆಚ್ಚು, ಕೆಲವಕ್ಕೆ ಕಡಿಮೆ. ಮುಂದೆ ಕ್ಯಾಮೆರಾವನ್ನು ಕೈಯಾರೆ ಹೊಂದಿಸುವ ಪ್ರೊ ಮೋಡ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಷಟರ್ 1/50 ಅಥವಾ 1/100 ಇಡಿ. ಎಕ್ಸ್‌ಪೋಷರನ್ನೂ (ಬೆಳಕಿನ ಪ್ರಮಾಣ) ವೈಟ್ ಬ್ಯಾಲೆನ್ಸನ್ನೂ (ಬಣ್ಣದ ಹೊಂದಾಣಿಕೆ) ಲಾಕ್ ಮಾಡಿ. ಇಲ್ಲದಿದ್ದರೆ ಬಿಳಿ ಗ್ಲೌಸ್ ಒಳಗೆ ಬಂದಾಗಲೆಲ್ಲ ಅಂಗಾಂಶ ಕಪ್ಪಾಗುತ್ತದೆ.

ಪ್ರಶ್ನೆ ಕೇಳಿದವರು:
ಮಾತು ಕೂಡಿಕೊಂಡಿತು, ತುಂಬಾ ಧನ್ಯವಾದ ಸರ್. ಈಗಾಗಲೇ ಇರುವ ಪಟ್ಟಿಗಳಿಗೆ ಏನು ಮಾಡಲಿ?

ಉತ್ತರ (ಪಠ್ಯ ವಿನ್ಯಾಸ ನೋಡಿಕೊಳ್ಳುವವರು):
ಫಿಲ್ಟರ್ ಹಾಕಿ ಒರೆಸಬಹುದು, ಆದರೆ ಸಣ್ಣ ನರಗಳ ಅಂಚು ಮಸುಕಾಗುವ ಅಪಾಯವಿದೆ, ನಾನಾದರೆ ಹಾಕುವುದಿಲ್ಲ. ಪಟ್ಟಿ ಒಂದೇ ಕಡೆ ನಿಲ್ಲುವುದಿಲ್ಲವಲ್ಲ, ಆದ್ದರಿಂದ ಪ್ರತಿ ನರವೂ ಚೆನ್ನಾಗಿ ಕಾಣುವ ಫ್ರೇಮ್ ಎಲ್ಲೋ ಸಿಕ್ಕೇ ಸಿಗುತ್ತದೆ. ನೀವು ಆ ನರದ ಹೆಸರು ಹೇಳುವಾಗ ಅದೇ ಫ್ರೇಮನ್ನು ನಿಲ್ಲಿಸಿ, ಬಾಣ ಮತ್ತು ಹೆಸರು ಸೇರಿಸಿ, ಮಾತನ್ನು ಮುಂದುವರಿಸಿ. ಫಾರ್ಮಲಿನ್‌ನಲ್ಲಿದ್ದ ದೇಹದಲ್ಲಿ ಎಲ್ಲವೂ ಒಂದೇ ಕಂದು ಬಣ್ಣ. ಹದಿನೆಂಟು ವರ್ಷದ ಹುಡುಗನಿಗೆ ಮೊದಲ ನೋಟಕ್ಕೆ ನರ ಯಾವುದು, ಸಿರೆ ಯಾವುದು ಎಂದು ತಿಳಿಯುವುದಿಲ್ಲ. ಪಟ್ಟಿಯೇ ಇಲ್ಲದಿದ್ದರೂ ಹೀಗೆ ನಿಲ್ಲಿಸಿ ತೋರಿಸಲೇಬೇಕು.

ಉದ್ದವನ್ನೂ ಒಡೆಯಿರಿ. 2014ರಲ್ಲಿ ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಕೋರ್ಸುಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ, ವಿಡಿಯೊ ಎಷ್ಟೇ ಉದ್ದವಿದ್ದರೂ ನೋಡುವ ಸಮಯದ ಮಧ್ಯಾಂಕ ಆರು ನಿಮಿಷ ದಾಟಲಿಲ್ಲ. ಅವು ವೈದ್ಯಕೀಯ ತರಗತಿಗಳಲ್ಲ, ಆದರೂ ಒಡೆಯಲು ಅದೊಂದು ಅಳತೆ. ಎಲ್ಲಿ ಕತ್ತರಿಸಬೇಕೆಂದು 2019ರ ಎಂಬಿಬಿಎಸ್ ಪಠ್ಯಕ್ರಮವೇ ಹೇಳುತ್ತದೆ: ಅಂಗರಚನಾಶಾಸ್ತ್ರದ ಅಂಶ ಎಎನ್ 10.1ರಲ್ಲಿ ಆಕ್ಸಿಲ್ಲಾದ ಎಲ್ಲೆಗಳು ಮತ್ತು ಒಳಗಿನ ರಚನೆಗಳು, 10.3ರಲ್ಲಿ ಬ್ರೇಕಿಯಲ್ ಪ್ಲೆಕ್ಸಸ್ (ತೋಳಿಗೆ ಹೋಗುವ ನರಗಳ ಜಾಲ).

ದೇಹದ ಮುಖ, ಗುರುತಿನ ಚೀಟಿ ಯಾವ ಫ್ರೇಮ್‌ನಲ್ಲೂ ಕಾಣದಿರಲಿ. ಬಾಣಗಳೆಲ್ಲ ಸರಿಯಾದ ರಚನೆಯ ಮೇಲಿವೆಯೇ ಎಂದು ಚಿತ್ರೀಕರಣದಲ್ಲಿ ಇರದ ಸಹೋದ್ಯೋಗಿಯೊಬ್ಬರಿಂದ ಪರಿಶೀಲಿಸಿಕೊಂಡು, ಆಮೇಲೆ ವಿದ್ಯಾರ್ಥಿಗಳಿಗೆ ಕೊಡಿ.