ವಿಮಾನಕ್ಕೆ ತಾಸೋ, ಗಂಟೆಯೋ?

ಬೆಳಗಾವಿಯ ಒಂದು ಟ್ರಾವೆಲ್ಸ್ ಅಂಗಡಿಗೆ ಕನ್ನಡದಲ್ಲಿ ಬೋರ್ಡು ಬರೆದುಕೊಟ್ಟೆ. ನಮ್ಮ ವಿಮಾನ ನಿಲ್ದಾಣ ಇರುವ ಸಾಂಬ್ರಾದಿಂದ ಯಾವ ಊರು ಎಷ್ಟು ದೂರ, ವಿಮಾನಕ್ಕೆ ಎಷ್ಟು ಹೊತ್ತು, ಅಷ್ಟೇ. ತಿರುಪತಿಯ ಮುಂದೆ ‘ಹಾರಾಟದ ಸಮಯ: 1 ಗಂಟೆ 15 ನಿಮಿಷ’ ಅಂತ ಬರೆದಿದ್ದೆ. ಮರುದಿನ ಗೋಕಾಕ ಕಡೆಯ ಹಿರಿಯರೊಬ್ಬರು ಬಂದು, ಕನ್ನಡಕ ಏರಿಸಿ ಎರಡು ಸಲ ಓದಿ, “ಒಂದೂಕಾಲಿಗೆ ಬಿಡತೈತಂದ್ರ ಊಟಾ ಮಾಡ್ಕೊಂಡ ಬರಬೇಕೇನ್ರಿ?” ಅಂತ ಕೇಳಿದರಂತೆ.

ಅಂಗಡಿಯವರು ನಕ್ಕರು. ನನಗೆ ನಗು ಬರಲಿಲ್ಲ, ಯಾಕಂದ್ರೆ ಅವರು ಓದಿದ್ದು ಸರಿಯಾಗೇ ಇತ್ತು. ‘ಸಮಯ’ ಅಂದರೆ ಹೊರಡುವ ಹೊತ್ತೂ ಆಗುತ್ತದೆ, ಹಿಡಿಯುವ ಹೊತ್ತೂ ಆಗುತ್ತದೆ. ‘ಗಂಟೆ’ಯದ್ದೂ ಅದೇ ಪಾಡು. ಆದರೆ ನಮ್ಮ ಮನೆಯ ಮಾತಿನಲ್ಲಿ ಈ ಗೊಂದಲವೇ ಇಲ್ಲ ಅಲ್ವಾ? “ಐದು ಗಂಟೆಕ್ಕ ಬಂದೆ, ಎರಡು ತಾಸು ಕುಂತೆ” ಅನ್ನುತ್ತೇವೆ. ಗಂಟೆ ಅಂದರೆ ಬಾರಿಸಿದ ಗಂಟೆ, ಗಡಿಯಾರದ ಒಂದು ಗುರುತು. ತಾಸು ಅಂದರೆ ಕಳೆದುಹೋದ ಹೊತ್ತು. ಮರಾಠಿಯಲ್ಲೂ ಇದೇ ತಾಸ್ ಇದೆ, ಹಾಗಂತ ಅದು ನಮ್ಮದಲ್ಲ ಅನ್ನುವವರ ಜೊತೆ ನಾನು ವಾದಕ್ಕೆ ಕೂರುವುದಿಲ್ಲ. ಪತ್ರಿಕೆಯವರು, ಪಠ್ಯದವರು ತಾಸನ್ನು ಗ್ರಾಮ್ಯ ಅಂತ ತೆಗೆದು ಎಲ್ಲ ಕಡೆ ಗಂಟೆ ತುಂಬುತ್ತಾರೆ, ಕೈಯಲ್ಲಿದ್ದ ಒಳ್ಳೆಯ ಪದ ಸುಮ್ನೆ ಹೋಗುತ್ತದೆ. ಆಮೇಲೆ ‘ಅವಧಿ’ ಅಂತ ಇನ್ನೊಂದು ಪದ ತಂದು ತೇಪೆ ಹಾಕಬೇಕು.

ಅದಕ್ಕೇ ಬೋರ್ಡನ್ನು ‘ತಿರುಪತಿಗೆ ಒಂದೂಕಾಲು ತಾಸು’ ಅಂತ ತಿದ್ದಿದೆ. ‘ಹಾರಾಟ’ವನ್ನೂ ಬಿಟ್ಟೆ. ವಿಮಾನ ಕಂಪನಿಗಳು ಕೊಡುವ ಹೊತ್ತಿನಲ್ಲಿ ವಿಮಾನ ನಿಂತ ಜಾಗ ಬಿಟ್ಟು ರನ್‌ವೇ ತನಕ ಉರುಳುವುದು, ಇಳಿದ ಮೇಲೆ ಮತ್ತೆ ಉರುಳಿ ನಿಲ್ಲುವುದು, ಎರಡೂ ಸೇರಿರುತ್ತವೆ. ನೆಲದ ಮೇಲೆ ಹೋಗುವುದಕ್ಕೆ ಹಾರಾಟ ಅನ್ನೋದು ಹೇಗೆ?

ಇನ್ನು ದೂರದ ಮಾತು. ಬೆಳಗಾವಿಯಿಂದ ಹುಬ್ಬಳ್ಳಿಗೆ ಕಿತ್ತೂರು, ಧಾರವಾಡದ ಮೇಲೆ ಹೋದರೆ ಸುಮಾರು 100 ಕಿ.ಮೀ. ಎರಡೂ ಊರಿನ ವಿಮಾನ ನಿಲ್ದಾಣಗಳ ನಡುವೆ ನಕ್ಷೆಯ ಮೇಲೆ ಗೆರೆ ಎಳೆದು ಅಳೆದರೆ 75 ಕಿ.ಮೀ. ಹತ್ತಿರ. ವಿಮಾನದವರ ಲೆಕ್ಕದಲ್ಲಿ ಅದು 40 ನಾಟಿಕಲ್ ಮೈಲಿ, ಅವರ ಒಂದು ಮೈಲಿಗೆ 1.852 ಕಿ.ಮೀ. ನಮ್ಮ ಹಳೇ ಮೈಲಿ 1.6 ಚಿಲ್ಲರೆ, ಹಾಗಾಗಿ ಬರೀ ‘ಮೈಲಿ’ ಅಂತ ಬರೆದರೆ ಮತ್ತೆ ಗೊಂದಲ. ಈ ಗೆರೆಯ ದೂರಕ್ಕೆ ಏನನ್ನಬೇಕು? ‘ವಾಯುಮಾರ್ಗದ ದೂರ’ ಅಂದರೆ ವಿಮಾನ ಸುತ್ತುಹಾಕಿ ಹೋದದ್ದೂ ಬಂದುಬಿಡುತ್ತದೆ. ‘ಕಾಗೆ ಹಾರಿದಷ್ಟು’ ಅಂತ ಒಬ್ಬರು ಸೂಚಿಸಿದರು, ಆದರೆ ನಮ್ಮ ಕಾಗೆಗಳು ಯಾವತ್ತು ನೆಟ್ಟಗೆ ಹಾರಿವೆ? ಸದ್ಯಕ್ಕೆ ‘ನೇರ ದೂರ’ ಅಂತ ಇಟ್ಟಿದ್ದೇನೆ, ಮನಸ್ಸಿಗೆ ಪೂರ್ತಿ ಒಪ್ಪಿಲ್ಲ.

ನಮ್ಮಜ್ಜಿಗೆ ಇದ್ಯಾವುದೂ ಬೇಕಿರಲಿಲ್ಲ. ಮೂರು ಮೈಲಿ ಆಸುಪಾಸಾದರೆ ‘ಹರದಾರಿ’, ಜಾಸ್ತಿಯಾದರೆ ‘ಎರಡು ತಾಸಿನ ದಾರಿ’, ದೂರವೂ ಹೊತ್ತೂ ಒಂದೇ ಮಾತಿನಲ್ಲಿ ಮುಗೀತು.

ಬಾಗಲಕೋಟೆ, ವಿಜಯಪುರದವರು ತಿಳಿಸಿ: ನಿಮ್ಮಲ್ಲಿ ಈಗಿನ ಹುಡುಗರು ತಾಸು–ಗಂಟೆ ಬೇರೆ ಮಾಡಿ ಆಡುತ್ತಾರಾ? ಮೈಸೂರು ಕಡೆಯವರು ‘ಒಂದೂಕಾಲು ತಾಸು’ ಅಂತ ಓದಿದರೆ ತಡವರಿಸುತ್ತೀರಾ, ಇಲ್ಲಾ ಥಟ್ಟನೆ ತಿಳಿಯುತ್ತದಾ?