ಮೇಲ್ ಖಾತೆಗೆ ಕನ್ನ ಬಿದ್ದಿದೆ, ಕಕ್ಷಿದಾರರಿಗೆ ಹೇಳಲೇಬೇಕಾ?

ಪ್ರಶ್ನೆ: ಅಮೆರಿಕದಲ್ಲಿ ನಮ್ಮದು ಮೂವರು ವಕೀಲರ ಸಣ್ಣ ಕಚೇರಿ. ಕಿರಿಯ ಸಹೋದ್ಯೋಗಿಯೊಬ್ಬರು ನಕಲಿ ಲಾಗಿನ್ ಪುಟದಲ್ಲಿ ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದಾರೆ. ಗೊತ್ತಾದ ಕೂಡಲೇ ಪಾಸ್‌ವರ್ಡ್ ಬದಲಿಸಿದೆವು. ದುರುಪಯೋಗ ಆದಂತೆ ಕಾಣುತ್ತಿಲ್ಲ. ಆದರೂ ಕಕ್ಷಿದಾರರಿಗೆ ತಿಳಿಸಬೇಕಾ? ತಿಳಿಸಿದರೆ ತಪ್ಪು ಒಪ್ಪಿಕೊಂಡಂತೆ ಆಗುವುದಿಲ್ಲವೇ?

ಉತ್ತರ: ಸರ್, ಆ ಭಯ ಮೊದಲು ಬಿಡಿ. ಅಲ್ಲಿನ ವಕೀಲರ ರಾಷ್ಟ್ರೀಯ ಸಂಘ ಅಮೆರಿಕನ್ ಬಾರ್ ಅಸೋಸಿಯೇಷನ್ 2018ರ ಅಕ್ಟೋಬರ್‌ನಲ್ಲಿ ಕೊಟ್ಟ 483ನೇ ಅಭಿಪ್ರಾಯ ಸ್ಪಷ್ಟವಾಗಿದೆ: ಕನ್ನ ಬಿದ್ದ ಮಾತ್ರಕ್ಕೆ ವಕೀಲರು ವೃತ್ತಿಧರ್ಮ ತಪ್ಪಿದಂತಲ್ಲ. ತಡೆಯುವ, ಪತ್ತೆಹಚ್ಚುವ ಸಮಂಜಸ ಪ್ರಯತ್ನ ಮಾಡದೆ, ಆ ಕಾರಣಕ್ಕೇ ಮಾಹಿತಿ ಸೋರಿದರೆ ಅದು ಲೋಪ. ಆ ಸಂಘದ ಮಾದರಿ ವೃತ್ತಿ ನಿಯಮಗಳಲ್ಲಿ ಗೌಪ್ಯತೆಯ ಕುರಿತ ನಿಯಮ 1.6(ಸಿ) ಕೇಳುವುದೂ ಇಷ್ಟನ್ನೇ.

ಇನ್ನು 'ಕಾಣುತ್ತಿಲ್ಲ' ಅಂದಿರಲ್ಲ, ಎಲ್ಲೆಲ್ಲಿ ನೋಡಿದಿರಿ? ಪಾಸ್‌ವರ್ಡ್ ಬದಲಿಸಿದರೆ ಸಾಲದು. ಎಲ್ಲ ಸಾಧನಗಳಿಂದಲೂ ಆ ಖಾತೆಯನ್ನು ಸೈನ್ ಔಟ್ ಮಾಡಿಸಿ. ಖಾತೆಗೆ ಅನುಮತಿ ಪಡೆದಿರುವ ಹೊರಗಿನ ಆ್ಯಪ್‌ಗಳನ್ನು ನೋಡಿ. ಪಾಸ್‌ವರ್ಡ್ ಬದಲಾದರೂ ಆ ಅನುಮತಿ ಉಳಿದಿರಬಹುದು. ಆಮೇಲೆ ಮೇಲ್ ರೂಲ್‌ಗಳನ್ನು, ಅಂದರೆ ಬರುವ ಮೇಲ್‌ಗಳನ್ನು ತಾನಾಗಿಯೇ ವಿಂಗಡಿಸುವ ಸೆಟ್ಟಿಂಗ್‌ಗಳನ್ನು, ತೆರೆಯಿರಿ. 'ಇನ್‌ವಾಯ್ಸ್', 'ಪೇಮೆಂಟ್' ಪದ ಇರುವ ಮೇಲ್‌ಗಳನ್ನೆಲ್ಲ ಯಾರೂ ತೆರೆಯದ ಫೋಲ್ಡರ್‌ಗೆ ತಳ್ಳುವ ಅಥವಾ ಹೊರಗಿನ ವಿಳಾಸಕ್ಕೆ ಫಾರ್ವರ್ಡ್ ಮಾಡುವ ರೂಲ್ ಅಲ್ಲಿ ಕೂತಿದ್ದರೆ ಕಳ್ಳ ಕಕ್ಷಿದಾರರ ಹಣದ ಮೇಲೆ ಕಣ್ಣಿಟ್ಟಿದ್ದಾನೆ ಎಂದೇ ಅರ್ಥ. ಆ ರೂಲ್ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ.

ಲಾಗ್‌ಗಳನ್ನು, ಅಂದರೆ ಖಾತೆಗೆ ಯಾರು, ಯಾವಾಗ ಪ್ರವೇಶಿಸಿ ಏನು ಮಾಡಿದರು ಎಂಬ ದಾಖಲೆಗಳನ್ನು, ಇಂದೇ ಡೌನ್‌ಲೋಡ್ ಮಾಡಿ ಇಡಿ. ನಿಗದಿತ ಅವಧಿ ಮುಗಿದರೆ ತಾವಾಗಿಯೇ ಅಳಿಸಿಹೋಗುತ್ತವೆ. ನಕಲಿ ಮೇಲ್ ಇರಲಿ, ಅಳಿಸಬೇಡಿ. ಕಂಪ್ಯೂಟರ್ ಮೇಲೂ ಅನುಮಾನ ಇದ್ದರೆ ನೆಟ್‌ವರ್ಕ್‌ನಿಂದ ಬಿಡಿಸಿ, ಫಾರ್ಮ್ಯಾಟ್ ಮಾಡಬೇಡಿ. ಸ್ವಚ್ಛ ಮಾಡುವ ಅವಸರದಲ್ಲಿ ಸಾಕ್ಷ್ಯವನ್ನೇ ಒರೆಸಿಹಾಕುವುದು ತುಂಬಾ ಸಾಮಾನ್ಯ. ಲಾಗ್ ಇಲ್ಲದೆ 'ಯಾರೂ ಓದಿಲ್ಲ' ಎಂದು ಕಕ್ಷಿದಾರರಿಗೆ ಹೇಳಲು ನಿಮಗೆ ಆಧಾರವೇ ಇರುವುದಿಲ್ಲ.

ಮರುಪ್ರಶ್ನೆ: ರೂಲ್ ಸಿಕ್ಕಿತು. ಒಪ್ಪಂದದ ಕರಡುಗಳಿದ್ದ ಮೇಲ್‌ಗಳು ಹೊರಗೆ ಫಾರ್ವರ್ಡ್ ಆಗಿವೆ. ಪತ್ರದಲ್ಲಿ ಏನು ಬರೆಯಬೇಕು?

ಉತ್ತರ: ಹಾಗಾದರೆ ಹಾಲಿ ಕಕ್ಷಿದಾರರಿಗೆ ತಿಳಿಸಲೇಬೇಕು, ಕಕ್ಷಿದಾರರಿಗೆ ಮಾಹಿತಿ ಕೊಡುತ್ತಿರಬೇಕು ಎನ್ನುವ ಮಾದರಿ ನಿಯಮ 1.4ರ ಪ್ರಕಾರ. ಏನಾಯಿತು, ಅವರ ಯಾವ ಕಡತ ಹೋಗಿದೆ, ಯಾವುದು ಇನ್ನೂ ಖಚಿತವಿಲ್ಲ, ನೀವು ಏನು ಮಾಡಿದ್ದೀರಿ, ಏನು ಮಾಡಲಿದ್ದೀರಿ ಎಂಬುದಿರಲಿ. ಓದಿದವರು ಮುಂದೇನು ಮಾಡಬೇಕೆಂದು ತಾವೇ ತೀರ್ಮಾನಿಸುವಷ್ಟು ಮಾಹಿತಿ ಬೇಕು. 'ತಾಂತ್ರಿಕ ಅಡಚಣೆ' ಎಂದು ತೇಲಿಸಿ ಬರೆಯುವುದು ನನ್ನ ಪ್ರಕಾರ ಹೇಳದೇ ಇರುವುದಕ್ಕೆ ಸಮ. ಒಬ್ಬರ ಪತ್ರದಲ್ಲಿ ಇನ್ನೊಬ್ಬರ ಹೆಸರು, ವಿಷಯ ನುಸುಳಬಾರದು. ತನಿಖೆಯಲ್ಲಿ ಮುಖ್ಯವಾದದ್ದು ಹೊರಬಿದ್ದರೆ ಮತ್ತೆ ಬರೆಯಿರಿ. ಕನ್ನ ಬಿದ್ದ ಅದೇ ಖಾತೆಯಿಂದ ಮಾತ್ರ ಕಳಿಸಬೇಡಿ.

ಹಣ ವರ್ಗಾವಣೆ ಬಾಕಿ ಇರುವವರಿಗೆ ಇವತ್ತೇ ಫೋನ್ ಮಾಡಿ, ಮೇಲ್‌ನಲ್ಲಿರುವ ನಂಬರಿಗಲ್ಲ, ಕಡತದಲ್ಲಿ ಮೊದಲಿನಿಂದ ಇರುವ ನಂಬರಿಗೆ. 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಮೇಲ್ ಬಂದರೆ ಹಣ ಹಾಕಬೇಡಿ' ಎಂದು ಹೇಳಿ. ಪತ್ರದ ಕರಡು ಸಿದ್ಧವಾಗುವವರೆಗೂ ಇದು ಕಾಯುವಂಥದ್ದಲ್ಲ.

ಇನ್ನೊಬ್ಬರ ಉತ್ತರ: ಒಂದು ಸೇರಿಸುತ್ತೇನೆ. ವೃತ್ತಿಧರ್ಮದ ಕರ್ತವ್ಯ ಬೇರೆ, ಕಾನೂನಿನ ಕರ್ತವ್ಯ ಬೇರೆ. ಅಮೆರಿಕದ 50 ರಾಜ್ಯಗಳಲ್ಲೂ ಮಾಹಿತಿ ಸೋರಿದರೆ ತಿಳಿಸಬೇಕೆನ್ನುವ ಕಾಯ್ದೆಗಳಿವೆ. ಗಡುವು, ವ್ಯಾಖ್ಯೆ ಒಂದೊಂದು ಕಡೆ ಒಂದೊಂದು ಥರ. ಸಾಮಾನ್ಯವಾಗಿ ನೋಡಬೇಕಾದ್ದು ಸೋರಿದ ಮಾಹಿತಿ ಯಾರದೋ ಅವರು ವಾಸವಿರುವ ರಾಜ್ಯದ ಕಾಯ್ದೆ, ನಿಮ್ಮ ಕಚೇರಿ ಇರುವ ರಾಜ್ಯದ್ದಷ್ಟೇ ಅಲ್ಲ. ಆ ಕರಡುಗಳಲ್ಲಿ ಎದುರು ಪಕ್ಷದವರ ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಮೆರಿಕ ಸರ್ಕಾರ ಕೊಡುವ ವೈಯಕ್ತಿಕ ಸಂಖ್ಯೆ) ಇದ್ದರೆ ಅವರಿಗೂ ತಿಳಿಸಬೇಕಾಗಿ ಬರಬಹುದು. ಸೈಬರ್ ವಿಮೆ ಇದ್ದರೆ ತಜ್ಞರನ್ನು ನೇಮಿಸುವ ಮೊದಲೇ ಕಂಪನಿಗೆ ತಿಳಿಸಿ. ಒಪ್ಪಿಗೆಯಿಲ್ಲದೆ ಮಾಡಿದ ಖರ್ಚನ್ನು ಅವರು ಕೊಡದೇ ಇರಬಹುದು.

ಮರುಪ್ರಶ್ನೆ: ಕೇಸು ಮುಗಿದ ಹಳೆಯ ಕಕ್ಷಿದಾರರು?

ಉತ್ತರ: ಗೌಪ್ಯತೆ ಕಾಪಾಡುವ ನಿಮ್ಮ ಕರ್ತವ್ಯ ಅವರ ವಿಷಯದಲ್ಲೂ ಇದೆ. ಆದರೆ ಅವರಿಗೆ ತಿಳಿಸಲೇಬೇಕು ಎಂದು 483ನೇ ಅಭಿಪ್ರಾಯ ಹೇಳಲಿಲ್ಲ, ನಿಯಮಗಳಲ್ಲಿ ಹಾಗೆಂದು ಸ್ಪಷ್ಟವಾಗಿಲ್ಲ ಎಂಬ ಕಾರಣಕ್ಕೆ. ರಾಜ್ಯ ಕಾಯ್ದೆಯೋ ಅವರೊಂದಿಗಿನ ಒಪ್ಪಂದವೋ ಹೇಳಿದರೆ ಆ ಮಾತು ಬೇರೆ. ನನ್ನ ಸಲಹೆ: ತಿಳಿಸಿಬಿಡಿ. ಮುಂದಕ್ಕೆ, ಕೇಸು ಒಪ್ಪಿಕೊಳ್ಳುವಾಗಲೇ ಕಡತ ಎಷ್ಟು ವರ್ಷ ಇಡುತ್ತೀರಿ, ಯಾವಾಗ ಹಿಂದಿರುಗಿಸಿ ಪ್ರತಿ ಅಳಿಸುತ್ತೀರಿ ಎಂದು ಒಪ್ಪಂದಪತ್ರದಲ್ಲೇ ಬರೆದುಕೊಳ್ಳಿ.