ಕಾಫಿ ಕುಯ್ಲಿನ ನಡುವೆ ಅನಿಮಲ್ ಕ್ರಾಸಿಂಗ್ ಆಡೋಕಾಗುತ್ತಾ?

ಪ್ರಶ್ನೆ (ಸಿದ್ದಾಪುರ): ರೊಬಸ್ಟಾ ಕುಯ್ಲು ನಡೀತಿದೆ. ಸಂಜೆ ಚೀಲ ತೂಗಿ, ಲೆಕ್ಕ ಬರೆದು ಒಳಗೆ ಬರುವಷ್ಟರಲ್ಲಿ ಎಂಟೂವರೆ. ಮಗಳು ಸ್ವಿಚ್ (ನಿಂಟೆಂಡೊ ಗೇಮ್ ಯಂತ್ರ) ಹಿಡಿದು ಕಾಯುತ್ತಿರುತ್ತಾಳೆ. ಹೊಸದಾಗಿ ತಂದದ್ದು ಅನಿಮಲ್ ಕ್ರಾಸಿಂಗ್ ಸರಣಿಯ ನ್ಯೂ ಹೊರೈಜನ್ಸ್, ದ್ವೀಪದಲ್ಲಿ ಮನೆ ಕಟ್ಟಿ ಬದುಕೋ ಆಟ. ದಿನಕ್ಕೆ ಇಪ್ಪತ್ತು ನಿಮಿಷ ಸಾಕಾ?

ಮಡಿಕೇರಿಯಿಂದ: ಧಾರಾಳ ಸಾಕು ಅಕ್ಕ. ಆಟದ ಗಡಿಯಾರ ನಮ್ಮ ಗಡಿಯಾರವೇ. ಆಟದೊಳಗಿನ ಅಂಗಡಿ ರಾತ್ರಿ 10ಕ್ಕೆ ಮುಚ್ಚುತ್ತದೆ, ಬಂದ ತಕ್ಷಣ ಮಾರುವುದನ್ನು ಮಾರಿಬಿಡಿ. ಆಮೇಲೆ ಮಾರೋಕೆ ಅಂತ ಭಾನುವಾರ ಕೊಂಡ ಟರ್ನಿಪ್ ಗಡ್ಡೆ ಮುಂದಿನ ಭಾನುವಾರಕ್ಕೆ ಕೊಳೆಯುತ್ತದೆ. ಕಾಫಿ ಥರ ಗೋಡೌನಲ್ಲಿಟ್ಟು ರೇಟಿಗೆ ಕಾಯೋ ಹಾಗಿಲ್ಲ!

ಗೋಣಿಕೊಪ್ಪದಿಂದ: ಒಂದು ಸ್ವಿಚ್‌ಗೆ ಒಂದೇ ದ್ವೀಪ, ಎಂಟು ಜನ ಮನೆ ಕಟ್ಟಬಹುದು. ಆದ್ರೆ ಕೆಲವು ದಿನ ಬಿಟ್ಟರೆ ಕಳೆ ಎದ್ದಿರುತ್ತದೆ. ತೋಟದಲ್ಲೂ ಕಳೆ, ಇಲ್ಲೂ ಕಳೆ ಅಂತ ನಮ್ಮ ಯಜಮಾನರು ಆಟವನ್ನೇ ಬಿಟ್ಟರು.

ಸಿದ್ದಾಪುರ: ಹಹ್ಹಾ! ಕಳೆ ಕೀಳೋದು ಮಗಳ ಪಾಲಿಗೆ ಬಿಟ್ಟೆ. ಕೂಲಿ ಎಷ್ಟು ಅಂತ ಕೇಳ್ತಿದ್ದಾಳೆ.